ಅಜ್ಜನ ಟೋಪಿ ಬಿಲ್ಲೆ ಅಸಲಿಯೋ, ನಕಲಿಯೋ?

ಕೂನೂರು: ಸಮೀಪದ ವೆಲ್ಲಿಂಗ್ಟನ್‌ನಲ್ಲಿ ಮದ್ರಾಸ್ ರೆಜಿಮೆಂಟಿನ ಕೇಂದ್ರವಿರುವುದರಿಂದ ನೀಲಗಿರಿಯವರಿಗೆ ಆನೆ ಲಾಂಛನದ ಟೋಪಿ ಬಿಲ್ಲೆ ಹೊಸದೇನಲ್ಲ. ಆ ಆನೆ 1803ರ ಅಸ್ಸಾಯೆ ಕದನದ ನೆನಪು.

ಅಜ್ಜನ ಪೆಟ್ಟಿಗೆಯಲ್ಲಿ ಇಂಥದ್ದು ಸಿಕ್ಕರೆ ಮುಂದಿನ ಹೊಳಪಿಗೆ ಮರುಳಾಗದೆ ತಿರುಗಿಸಿ ನೋಡಬೇಕು. ತಗಡನ್ನು ಅಚ್ಚಿನಲ್ಲಿ ಒತ್ತಿ ಮಾಡಿದ್ದಾದರೆ ಮುಂದಿನ ಉಬ್ಬು ಹಿಂದೆ ತಗ್ಗಾಗಿ ಕಾಣುತ್ತದೆ. ಅಸಲಿಯನ್ನೇ ಮಾದರಿಯಾಗಿಟ್ಟು ಎರಕ ಹೊಯ್ದ ನಕಲಿಗೆ ಸಣ್ಣ ಗುಳಿ, ಮಸುಕು ಗೆರೆ. ಲೋಹ ಆರಿ ಕುಗ್ಗುವುದರಿಂದ ಅಳತೆಯೂ ಕೊಂಚ ಕಮ್ಮಿ.

ಹಾಗಂತ ಎರಕ ಕಂಡ ಕೂಡಲೇ ಗುಜರಿಗೆ ಹಾಕೋದು ಬೇಡ. ಎರಡನೇ ಮಹಾಯುದ್ಧದ ಕಾಲದಲ್ಲಿ ನಮ್ಮ ದೇಶದ ಬಜಾರುಗಳಲ್ಲೇ ಎರಕ ಹೊಯ್ದ ಬಿಲ್ಲೆಗಳನ್ನು ಸೈನಿಕರು ಧರಿಸಿದ್ದುಂಟು. ಅಂಥದ್ದರಲ್ಲಿ ಬಳಕೆಯ ಸವೆತ ಉಬ್ಬಿದ ಭಾಗಗಳಲ್ಲಿ ಮಾತ್ರ ಇರುತ್ತದೆ. ಹುಣಸೆಹಣ್ಣು ಹಾಕಿ ತಿಕ್ಕಿದರೆ ಆ ಗುರುತೂ ಹೋದಂತೆ.