ಬಿದ್ದ ಹಲ್ಲಿಗೊಂದು ಸೇತುವೆ

ಹಲ್ಲೊಂದು ಬಿದ್ದ ಮೇಲೆ ನಾಲಿಗೆಗೆ ಬೇರೆ ಕೆಲಸವೇ ಇರುವುದಿಲ್ಲ. ಮಾತಿನ ನಡುವೆ, ಊಟದ ನಡುವೆ, ನಿದ್ದೆ ಬಾರದ ರಾತ್ರಿಯಲ್ಲಿ ಅದು ಮತ್ತೆ ಮತ್ತೆ ಆ ತೆರಪನ್ನೇ ತಡವುತ್ತದೆ. ಕೆಲವು ವಾರಗಳಲ್ಲಿ ಅದಕ್ಕೂ ರೂಢಿಯಾಗುತ್ತದೆ. ಯಜಮಾನರು ಇನ್ನೊಂದು ಪಕ್ಕದಲ್ಲಿ ಅಗಿಯಲು ಕಲಿಯುತ್ತಾರೆ. 32ರಲ್ಲಿ ಒಂದು ಹೋದರೇನು ಎಂದು ಸಮಾಧಾನ ತಂದುಕೊಳ್ಳುತ್ತಾರೆ.

ಬಾಯೊಳಗೆ ಉಳಿದ ಹಲ್ಲುಗಳು ಮಾತ್ರ ಅಷ್ಟು ಸಮಾಧಾನಿಗಳಲ್ಲ. ಒಂದಕ್ಕೊಂದು ಆತುಕೊಂಡು ನಿಂತ ಸಾಲು ಅದು. ನಡುವಿನದೊಂದು ಕಳಚಿದರೆ ನೆರೆಯದು ತೆರಪಿನತ್ತ ವಾಲತೊಡಗುತ್ತದೆ. ಹೋದದ್ದು ಕೆಳಗಿನ ಹಲ್ಲಾದರೆ, ಅಗಿಯಲು ಜೊತೆಗಾರನಿಲ್ಲದ ಮೇಲಿನ ಹಲ್ಲು ವರ್ಷಗಳು ಕಳೆದಂತೆ ಕೆಳಕ್ಕಿಳಿಯಬಹುದು. ಬೇರಿಲ್ಲದ ಎಡೆಯಲ್ಲಿ ದವಡೆಯ ಎಲುಬು ಸವೆಯುತ್ತದೆ. ಎಲ್ಲರಲ್ಲಿಯೂ ಇದು ಒಂದೇ ವೇಗದಲ್ಲಿ ನಡೆಯುವುದಿಲ್ಲ. ನೋವಿಲ್ಲದೆ ನಡೆಯುವುದರಿಂದ ಮನೆಯವರ ಗಮನಕ್ಕೂ ಬರುವುದಿಲ್ಲ.

ಈ ತೆರಪನ್ನು ತುಂಬುವ ಹಂಬಲ ಬಹು ಪುರಾತನವಾದುದು. ಇಟಲಿಯಲ್ಲಿ ರೋಮನರಿಗೂ ಮುನ್ನ ಬಾಳಿದ ಎಟ್ರಸ್ಕನ್ ಜನರು, ಕ್ರಿಸ್ತಪೂರ್ವ 7ನೆಯ ಶತಮಾನದಷ್ಟು ಹಿಂದೆಯೇ, ಚಿನ್ನದ ತೆಳು ಪಟ್ಟಿಯನ್ನು ಗಟ್ಟಿ ಹಲ್ಲುಗಳಿಗೆ ಸುತ್ತಿ, ಅದರ ನಡುವೆ ಕೃತಕ ಹಲ್ಲನ್ನು ಕೂರಿಸುತ್ತಿದ್ದರು. ಗೋರಿಗಳಲ್ಲಿ ದೊರೆತ ಇಂಥ ಪಟ್ಟಿಗಳು ಹೆಚ್ಚಾಗಿ ಹೆಂಗಸರವೆಂದು ವಿದ್ವಾಂಸರು ಊಹಿಸಿದ್ದಾರೆ. ಸಿರಿವಂತಿಕೆ ತೋರಲು ಗಟ್ಟಿ ಹಲ್ಲನ್ನೇ ಕೀಳಿಸಿಕೊಂಡವರೂ ಇದ್ದಿರಬಹುದೆಂಬುದು ಕೆಲವರ ಅಭಿಪ್ರಾಯ. ಆಭರಣದ ಮೋಹಕ್ಕೆ ಎಲ್ಲೆಯುಂಟೆ!

ಇಂದಿನ ದಂತಸೇತುವೆಯ ತತ್ತ್ವವೂ ಬಹುಮಟ್ಟಿಗೆ ಅದೇ. ತೆರಪಿನ ಎರಡು ಕಡೆಯ ಹಲ್ಲುಗಳೇ ಆಧಾರಸ್ತಂಭಗಳು. ವೈದ್ಯರು ಇಂಜೆಕ್ಷನ್ನಿನಿಂದ ಜಾಗವನ್ನು ಮರಗಟ್ಟಿಸಿ ಆ ಎರಡನ್ನೂ ಸುತ್ತಲೂ 1ರಿಂದ 2 ಮಿಲಿಮೀಟರಿನಷ್ಟು ಅರೆಯುತ್ತಾರೆ. ಅಚ್ಚು ತೆಗೆದು ಪ್ರಯೋಗಶಾಲೆಗೆ ಕಳುಹಿಸುತ್ತಾರೆ. ಅಲ್ಲಿಯವರೆಗೆ ತಾತ್ಕಾಲಿಕ ಹೊದಿಕೆ ಇಡುತ್ತಾರೆ. ಲೋಹದ ಮೇಲೆ ಪಿಂಗಾಣಿ ಹೊದಿಸಿ, ಇಲ್ಲವೆ ಜಿರ್ಕೋನಿಯಾದಿಂದ ಮಾಡಿದ ಮೂರು ಹಲ್ಲಿನ ತುಂಡು ಬಂದ ಮೇಲೆ ಅದನ್ನು ಸಿಮೆಂಟಿನಿಂದ ಭದ್ರಪಡಿಸುತ್ತಾರೆ. ಎರಡು ಮೂರು ಭೇಟಿಯಲ್ಲಿ ಕೆಲಸ ಮುಗಿಯುತ್ತದೆ. ರಾತ್ರಿ ತೆಗೆದು ನೀರಿನಲ್ಲಿಡುವ ಹಲ್ಲುಸೆಟ್ಟಿನ ರಗಳೆ ಇದಕ್ಕಿಲ್ಲ.

ಆದರೆ ಇಲ್ಲೊಂದು ಕಠಿಣವಾದ ಪ್ರಶ್ನೆಯಿದೆ. ಹೋದ ಒಂದು ಹಲ್ಲಿಗಾಗಿ ಇರುವ ಎರಡು ಗಟ್ಟಿ ಹಲ್ಲುಗಳನ್ನು ಅರೆಯಬೇಕೆ? ಅರೆದ ಎನಾಮೆಲ್ ಮತ್ತೆ ಬೆಳೆಯುವುದಿಲ್ಲ. ಅರೆಸಿಕೊಂಡ ಹಲ್ಲಿನ ನರ ಕೆಲವೊಮ್ಮೆ ಸತ್ತು, ಬೇರಿನ ಚಿಕಿತ್ಸೆಯೂ ಬೇಕಾಗುತ್ತದೆ. ಆಚೀಚೆಯ ಹಲ್ಲುಗಳು ಮೊದಲೇ ಹುಳುಕು ಹಿಡಿದು, ದೊಡ್ಡ ತುಂಬುಗಳಿಂದ ನಿಂತಿದ್ದರೆ ಚಿಂತೆಯಿಲ್ಲ. ಅವಕ್ಕೆ ಹೇಗೂ ಕವಚ ಬೇಕು. ಕಳಂಕವಿಲ್ಲದ ಹಲ್ಲುಗಳಾದರೆ, ವಿಶೇಷವಾಗಿ ಹರೆಯದವರಲ್ಲಿ, ಒಪ್ಪುವ ಮುನ್ನ ನಾಲ್ಕು ದಿನ ಯೋಚಿಸುವುದು ಲೇಸು.

ಮುಂಬಾಯಿಯ ಹಲ್ಲಿಗೆ ಬೇರೊಂದು ದಾರಿಯಿದೆ. ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾನಿಲಯದಲ್ಲಿ 1980ರ ದಶಕದ ಮೊದಲಲ್ಲಿ ರೂಪುಗೊಂಡ ಸೇತುವೆ ನೆರೆಯ ಹಲ್ಲಿನ ಹಿಂಬದಿಗೆ ರೆಕ್ಕೆಯಂತೆ ಅಂಟಿಕೊಳ್ಳುತ್ತದೆ, ಅರೆಯುವುದು ಅತ್ಯಲ್ಪ. ಇನ್ನೊಂದು, ಎಲುಬಿನಲ್ಲೇ ಟೈಟೇನಿಯಂ ತಿರುಪನ್ನು ನೆಡುವ ಇಂಪ್ಲಾಂಟ್. ಸ್ವೀಡನ್ನಿನ ಬ್ರೋನೆಮಾರ್ಕ್ 1965ರಲ್ಲಿ ಇದನ್ನು ಮೊದಲ ರೋಗಿಗೆ ನೆಟ್ಟರು. ನೆರೆಯ ಹಲ್ಲುಗಳಿಗೆ ಇದರಿಂದ ಬಾಧೆಯಿಲ್ಲ. ಖರ್ಚು ಮಾತ್ರ ಹೆಚ್ಚು, ತಿಂಗಳುಗಟ್ಟಲೆ ತಾಳ್ಮೆಯೂ ಬೇಕು.

ಸೇತುವೆ ಕಟ್ಟಿಸಿಕೊಂಡವರು ಅದರ ಅಡಿಯ ಸಂದನ್ನು ಮರೆಯಬಾರದು. ಪಿಂಗಾಣಿಗೆ ಹುಳುಕು ಹಿಡಿಯದು. ಅದರೊಳಗಿನ ಕಂಬಕ್ಕೆ ಹಿಡಿಯುತ್ತದೆ. ನಿತ್ಯವೂ ವಿಶೇಷ ದಾರವನ್ನೋ ಸಣ್ಣ ಬ್ರಷ್ಷನ್ನೋ ಅಡಿಯಲ್ಲಿ ತೂರಿಸಿ ಶುಚಿ ಮಾಡುವವರಿಗೆ ಅದು 10–15 ವರ್ಷ, ಕೆಲವರಿಗೆ ಇನ್ನೂ ಹೆಚ್ಚು ಕಾಲ ಬಾಳುತ್ತದೆ.

ಬುದ್ಧಿಹಲ್ಲು ಕೀಳಿಸಿಕೊಂಡವರಿಗೆ ಈ ಯಾವ ಚಿಂತೆಯೂ ಬೇಡ. ಅಲ್ಲಿ ಸೇತುವೆ ಕಟ್ಟಲು ಆಚೆಯ ದಡವೇ ಇಲ್ಲ.