ನಿಮಗಿದು ಗೊತ್ತೆ? ಬಿಸಿಲಿದ್ದರೂ ಸೋಲಾರ್ ಮನೆಗೆ ಕರೆಂಟಿಲ್ಲ!

ಚಾವಣಿ ಮೇಲೆ ಸೋಲಾರ್ ಫಲಕಗಳಿವೆ, ನೆತ್ತಿ ಸುಡುವ ಬಿಸಿಲೂ ಇದೆ. ಆದರೂ ಕರೆಂಟ್ ಹೋದರೆ ಫ್ಯಾನ್ ನಿಲ್ಲುತ್ತದೆ. ಗ್ರಿಡ್‌ಗೆ ಜೋಡಿಸಿದ ಇನ್ವರ್ಟರ್ ಆಗ ತಾನಾಗಿಯೇ ಬಂದ್ ಆಗುವಂತೆ ರೂಪಿಸಿರುತ್ತಾರೆ. ಇಲ್ಲವಾದರೆ ಕಂಬ ಹತ್ತಿದ ಲೈನ್‌ಮನ್‌ಗೆ ನಿಮ್ಮ ಮನೆಯ ಕರೆಂಟೇ ಹೊಡೆದೀತು!

ಇದಕ್ಕೆ ಪರಿಹಾರ ಬ್ಯಾಟರಿ. ಅದನ್ನು ಸೇರಿಸಲು ಹಳೆಯ ಫಲಕಗಳನ್ನು ಕೀಳಬೇಕಿಲ್ಲ. ಇನ್ವರ್ಟರ್ ಬದಲಿಸಿ, ಫಲಕ ಮತ್ತು ಬ್ಯಾಟರಿ ಎರಡನ್ನೂ ನಿಭಾಯಿಸುವ ಹೈಬ್ರಿಡ್ ಇನ್ವರ್ಟರ್ ಹಾಕಿಸಬಹುದು. ಹಳೆಯದು ಚೆನ್ನಾಗಿದ್ದರೆ ಅದನ್ನು ಹಾಗೇ ಬಿಟ್ಟು, ಅದಕ್ಕೆ ಹೊಂದುವ ಬ್ಯಾಟರಿ ಇನ್ವರ್ಟರ್ ಒಂದನ್ನು ಜೋಡಿಸಬಹುದು. ಎರಡನೆಯ ದಾರಿಯಲ್ಲೊಂದು ಸೊಗಸಿದೆ. ಕರೆಂಟ್ ಹೋದಾಗ ಬ್ಯಾಟರಿ ಇನ್ವರ್ಟರ್ ಮನೆಯನ್ನು ಗ್ರಿಡ್‌ನಿಂದ ಬೇರ್ಪಡಿಸಿ, ತಾನೇ ಪುಟ್ಟ ಗ್ರಿಡ್ ಆಗುತ್ತದೆ. ಸೋಲಾರ್ ಇನ್ವರ್ಟರ್ ಅದನ್ನೇ ನಂಬಿ ಮತ್ತೆ ಕೆಲಸಕ್ಕಿಳಿಯುತ್ತದೆ. ಬ್ಯಾಟರಿ ತುಂಬಿತೋ, ಬ್ಯಾಟರಿ ಇನ್ವರ್ಟರ್ ಈ ಪುಟ್ಟ ಗ್ರಿಡ್‌ನ 50 ಹರ್ಟ್ಸ್ ಆವರ್ತನವನ್ನು ತುಸು ಏರಿಸುತ್ತದೆ. ಆ ಸುಳಿವು ಸಿಕ್ಕೊಡನೆ ಸೋಲಾರ್ ಇನ್ವರ್ಟರ್ ಉತ್ಪಾದನೆ ತಗ್ಗಿಸುತ್ತದೆ. ಸಂದೇಶಕ್ಕೆಂದು ಬೇರೆ ತಂತಿಯೂ ಬೇಡ!

ಇನ್ನು ಯಾವ ಬ್ಯಾಟರಿ ಕೊಳ್ಳಬೇಕು? ಸೀಸ-ಆಮ್ಲ ಬ್ಯಾಟರಿಯನ್ನು ಸುಮಾರು ಅರ್ಧದಷ್ಟೇ ಖಾಲಿ ಮಾಡಿದರೆ ಅದರ ಆಯಸ್ಸಿಗೆ ಒಳ್ಳೆಯದು. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯಲ್ಲಿ ಶೇ 80–90ರಷ್ಟು ಬಳಸಬಹುದು. ಬೆಲೆ ಹೋಲಿಸುವಾಗ ಇದನ್ನೂ ಲೆಕ್ಕಕ್ಕೆ ಹಿಡಿಯಿರಿ. ಗ್ರಿಡ್‌ಗೆ ಕೊಟ್ಟ ಹೆಚ್ಚುವರಿ ಕರೆಂಟನ್ನು ಬಿಲ್‌ನಲ್ಲಿ ಕಳೆಯುವ ನೆಟ್ ಮೀಟರಿಂಗ್ ಇದ್ದು, ಕರೆಂಟ್ ಅಪರೂಪಕ್ಕೆ ಹೋಗುವ ಊರಾದರೆ ಬ್ಯಾಟರಿಗೆ ಹಾಕಿದ ದುಡ್ಡು ಹುಟ್ಟುವುದು ಕಷ್ಟ.