ಬಿಚ್ಚುವ ಮೊದಲು ಮುಳ್ಳು ನೋಡಿ

ಬಿತ್ತನೆಯ ಹದ ಬಂದಾಗಲೇ ಟ್ರ್ಯಾಕ್ಟರಿನ ಲಿಫ್ಟ್ ಕೈಕೊಟ್ಟರೆ ರೈತನಿಗೆ ಎರಡು ಕಡೆಯಿಂದ ನಷ್ಟ. ಹದ ತಪ್ಪುವುದು ಒಂದು. ಯಾವ ಭಾಗ ಕೆಟ್ಟಿದೆಯೆಂದು ತಿಳಿಯದೆ ಒಂದಾದ ಮೇಲೊಂದು ಬದಲಿಸುವ ಖರ್ಚು ಇನ್ನೊಂದು. ರೋಟವೇಟರ್ ಅರ್ಧಕ್ಕೆ ಎದ್ದು ನಿಲ್ಲಲು ಹಲವು ಕಾರಣಗಳಿವೆ: ಆಯಿಲ್ ಇಳಿದಿರಬಹುದು, ಸ್ಟ್ರೇನರ್ ಕಟ್ಟಿಕೊಂಡಿರಬಹುದು, ಪಂಪ್ ಸವೆದಿರಬಹುದು, ರಿಲೀಫ್ ವಾಲ್ವಿನ ಸ್ಪ್ರಿಂಗ್ ಸೋತಿರಬಹುದು, ಸಿಲಿಂಡರಿನ ಸೀಲ್ ಹರಿದಿರಬಹುದು. ಹೊರಗೆ ಕಾಣುವ ಲಕ್ಷಣ ಮಾತ್ರ ಹೆಚ್ಚುಕಡಿಮೆ ಒಂದೇ. ಆದ್ದರಿಂದಲೇ ಅನೇಕ ಗ್ಯಾರೇಜುಗಳಲ್ಲಿ ಸೀಟು ಕಳಚಿ ಲಿಫ್ಟ್ ಕವರ್ ಎತ್ತುವುದರಿಂದಲೇ ತಪಾಸಣೆ ಶುರುವಾಗುತ್ತದೆ. ಇದು ತಲೆಕೆಳಗಾದ ಕ್ರಮ. ಸ್ಪ್ಯಾನರ್ ಹಿಡಿಯುವ ಮೊದಲು ಪ್ರೆಷರ್ ಗೇಜ್ ಹಾಕಿ ನೋಡಬೇಕು. ಅಂಥ ಗೇಜನ್ನು ಹೋಬಳಿ ಮಟ್ಟದ ಯಾವ ಗ್ಯಾರೇಜಿನವರೂ ಕೊಂಡುತಂದ ಬಿಡಿಭಾಗಗಳಿಂದಲೇ ಜೋಡಿಸಿಕೊಳ್ಳಬಹುದು.

ಒತ್ತಡವನ್ನೇ ಏಕೆ ಅಳೆಯಬೇಕು? ಉತ್ತರ ಐರ್ಲೆಂಡಿನ ಹ್ಯಾರಿ ಫರ್ಗ್ಯುಸನ್ 1930ರ ದಶಕದಲ್ಲಿ ಮೂರು ಕೊಂಡಿಗಳ ಜೋಡಣೆಯನ್ನು ಹೈಡ್ರಾಲಿಕ್ ಲಿಫ್ಟಿನೊಂದಿಗೆ ಮಾರುಕಟ್ಟೆಗೆ ತಂದಾಗಿನಿಂದ ಇವತ್ತಿನವರೆಗೂ ಎತ್ತುವ ಲೆಕ್ಕ ಬದಲಾಗಿಲ್ಲ. ಆಯಿಲಿನ ಒತ್ತಡವನ್ನು ಪಿಸ್ಟನ್ನಿನ ವಿಸ್ತೀರ್ಣದಿಂದ ಗುಣಿಸಿದರೆ ಬಲ ಸಿಗುತ್ತದೆ. ಸಿಲಿಂಡರಿನ ವ್ಯಾಸ 80 ಮಿ.ಮೀ. ಇದ್ದರೆ ಪಿಸ್ಟನ್ನಿನ ವಿಸ್ತೀರ್ಣ ಸುಮಾರು 50 ಚದರ ಸೆಂ.ಮೀ. ಪ್ರತಿ ಚದರ ಸೆಂ.ಮೀ.ಗೆ 150 ಕೆ.ಜಿ. ಒತ್ತಡ ಬಂದರೆ ಪಿಸ್ಟನ್ನಿನ ಮೇಲೆ ಏಳೂವರೆ ಟನ್ ಬೀಳುತ್ತದೆ. ಒತ್ತಡ 100ಕ್ಕೆ ಇಳಿದರೆ ಐದೇ ಟನ್. ನಡುವಿನ ತೋಳುಗಳ ಸನ್ನೆಯಿಂದಾಗಿ ಹಿಂದಿನ ಕೊಂಡಿಗೆ ಸಿಗುವ ಬಲ ಇದಕ್ಕಿಂತ ಬಹಳ ಕಡಿಮೆ, ಆದರೆ ಕುಸಿತದ ಪ್ರಮಾಣ ಅಷ್ಟೇ: ಮೂರರಲ್ಲಿ ಒಂದು ಪಾಲು. ಕಲ್ಟಿವೇಟರನ್ನು ಸಲೀಸಾಗಿ ಎತ್ತುವ ಲಿಫ್ಟು ಪಲ್ಟಿ ನೇಗಿಲಿಗೆ ಸೋಲುವುದು ಹೀಗೆ. ಈ ಒತ್ತಡವನ್ನು ತೋರಿಸುವ ಗೇಜಿಗೆ ಫ್ರಾನ್ಸಿನ ಯೂಜೆನ್ ಬೋರ್ಡನ್ 1849ರಲ್ಲಿ ಪೇಟೆಂಟ್ ಪಡೆದ. ಅದರ ಒಳಗಿರುವುದು ಚಪ್ಪಟೆಯಾಗಿಸಿ ಬಾಗಿಸಿದ, ಒಂದು ತುದಿ ಮುಚ್ಚಿದ ಲೋಹದ ಕೊಳವೆ. ಜಾತ್ರೆಯಲ್ಲಿ ಮಾರುವ, ಊದಿದರೆ ಬಿಚ್ಚಿಕೊಳ್ಳುವ ಕಾಗದದ ಪೀಪಿಯಂತೆ ಇದೂ ಒತ್ತಡ ಬಂದಾಗ ನೆಟ್ಟಗಾಗಲು ನೋಡುತ್ತದೆ. ಆ ಚೂರು ಅಲುಗಾಟವನ್ನು ಹಲ್ಲುಚಕ್ರಗಳು ಹಿಗ್ಗಿಸಿ ಮುಳ್ಳಿಗೆ ಮುಟ್ಟಿಸುತ್ತವೆ. ಬ್ಯಾಟರಿ ಬೇಡ, ಸೆನ್ಸರ್ ಬೇಡ.

ಜೋಡಿಸುವ ಕೆಲಸದಲ್ಲಿ ಮೊದಲ ತೀರ್ಮಾನ ಅಳತೆಯ ಮಿತಿಯದು. ನಮ್ಮಲ್ಲಿ ಓಡಾಡುವ ಬಹುಪಾಲು ಟ್ರ್ಯಾಕ್ಟರುಗಳಲ್ಲಿ ಒತ್ತಡ ಮಿತಿ ಮೀರದಂತೆ ಆಯಿಲನ್ನು ಹೊರಬಿಡುವ ರಿಲೀಫ್ ವಾಲ್ವ್ 150ರಿಂದ 200 ಬಾರ್ ನಡುವೆ ತೆರೆದುಕೊಳ್ಳುತ್ತದೆ (ಒಂದು ಬಾರ್ ಎಂದರೆ ಹೆಚ್ಚುಕಡಿಮೆ ಪ್ರತಿ ಚದರ ಸೆಂ.ಮೀ.ಗೆ ಒಂದು ಕೆ.ಜಿ.). ಕುಲುಕುವ ಒತ್ತಡಕ್ಕೆ ಗೇಜಿನ ಮೂರರಲ್ಲಿ ಎರಡು ಪಾಲಿಗಿಂತ ಮೇಲೆ ಮುಳ್ಳು ಹೋಗಬಾರದು. ಆದ್ದರಿಂದ ಗ್ಲಿಸರಿನ್ ತುಂಬಿದ 400 ಬಾರ್ ಗೇಜ್ ಸರಿಯಾದ ಆಯ್ಕೆ. ಗ್ಲಿಸರಿನ್ ಮುಳ್ಳಿನ ನಡುಕವನ್ನು ತಗ್ಗಿಸುತ್ತದೆ. ಗೇಜಿನ ಬುಡದಲ್ಲಿ ಸಣ್ಣ ರಂಧ್ರದ ಸ್ನಬ್ಬರ್, ಅಲ್ಲಿಂದ ಉಕ್ಕಿನ ತಂತಿ ಹೆಣೆದ ಹೈಡ್ರಾಲಿಕ್ ಹೋಸ್, ಹೋಸಿನ ಕೊನೆಗೆ ಟಿಪ್ಪಿಂಗ್ ಟ್ರೇಲರಿನ ಪೈಪಿಗಿರುವಂಥದೇ ಕ್ವಿಕ್ ಕಪ್ಲರ್. ಇಷ್ಟಾದರೆ ಟ್ರೇಲರ್ ಎತ್ತುವ ಆಯಿಲ್ ಹೊರಬರುವ ಬಾಯಿಗೇ ಗೇಜನ್ನು ಸಿಕ್ಕಿಸಬಹುದು. ಎಚ್ಚರ ಬೇಕಿರುವುದು ಥ್ರೆಡ್ಡಿನಲ್ಲಿ. ಕಾಲಿಂಚಿನ ಬಿಎಸ್‌ಪಿ ಥ್ರೆಡ್ಡಿಗೆ ಇಂಚಿಗೆ 19 ಸುತ್ತು, ಎನ್‌ಪಿಟಿಗೆ 18. ಒಂದಕ್ಕೆ ಇನ್ನೊಂದನ್ನು ಹಾಕಿದರೆ ಮೊದಲ ಒಂದೆರಡು ಸುತ್ತು ಕೈಯಲ್ಲೇ ಹತ್ತುತ್ತದೆ, ಆಮೇಲೆ ಬಿಗಿಯುತ್ತದೆ. ಆ ಬಿಗಿಯನ್ನು ಸರಿಯಾಗಿ ಕೂತದ್ದೆಂದು ತಿಳಿದು ಸ್ಪ್ಯಾನರ್ ತಿರುಗಿಸಿದರೆ ಎರಡೂ ಥ್ರೆಡ್ ಹಾಳು, ಜೋಡಣೆಯೂ ಸೋರುತ್ತದೆ. ನೀರಿನ ಪೈಪಿನ ಜಿಐ ನಿಪ್ಪಲ್, ಎಲ್ಬೋಗಳಿಗೆ ಇಲ್ಲಿ ಜಾಗವೇ ಇಲ್ಲ. ಟೆಫ್ಲಾನ್ ಟೇಪಿನ ಎಳೆಯೊಂದು ಒಳಗೆ ಹೋಗಿ ವಾಲ್ವಿಗೆ ಸಿಕ್ಕಿಕೊಂಡರೆ ಇಲ್ಲದ ತೊಂದರೆಯೊಂದು ಹುಟ್ಟುತ್ತದೆ.

ಮನೆಯಲ್ಲಿ ಜೋಡಿಸಿದ ಸಾಧನ ಅಪಾಯಕಾರಿ ಎಂಬ ಆಕ್ಷೇಪವನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಈ ಒತ್ತಡದಲ್ಲಿ ಸೂಜಿಮೊನೆಯಷ್ಟು ತೂತಿನಿಂದ ಚಿಮ್ಮಿದ ಆಯಿಲ್ ಚರ್ಮವನ್ನು ತೂರಿ ಒಳಸೇರುತ್ತದೆ. ಮೊದಲಿಗೆ ಹೆಚ್ಚು ನೋವೂ ಇರುವುದಿಲ್ಲ. ಗಂಟೆಗಳು ಕಳೆದಂತೆ ಒಳಗಿನ ಮಾಂಸ ಸಾಯತೊಡಗುತ್ತದೆ, ತಡಮಾಡಿದರೆ ಬೆರಳೋ ಕೈಯೋ ಹೋಗುವ ಸಂಭವವಿದೆ. ತಕ್ಷಣ ಶಸ್ತ್ರಚಿಕಿತ್ಸೆ ಇರುವ ಆಸ್ಪತ್ರೆಗೆ ಓಡಬೇಕು. ಸೋರಿಕೆ ಹುಡುಕಲು ಕೈ ಸವರದೆ ರಟ್ಟಿನ ತುಂಡು ಹಿಡಿಯಬೇಕು. ಆದರೆ ಈ ಅಪಾಯ ಗೇಜಿನಿಂದ ಹುಟ್ಟಿದ್ದಲ್ಲ; ಅದೇ ಒತ್ತಡ ಟ್ರೇಲರಿನ ಹಳೇ ಪೈಪಿನಲ್ಲಿ ದಿನವೂ ಓಡಾಡುತ್ತಿದೆ. ಒತ್ತಡಕ್ಕೆ ತಕ್ಕ ಭಾಗಗಳಿಂದಲೇ ಜೋಡಿಸಿದ ಗೇಜು ಆ ಪೈಪಿಗಿಂತ ಹೆಚ್ಚು ಅಪಾಯ ತರುವುದಿಲ್ಲ. ಒಂದು ನಿಯಮವನ್ನು ಮಾತ್ರ ಮೀರಬಾರದು: ಪಂಪಿಗೂ ಗೇಜಿಗೂ ನಡುವಿನ ಆಯಿಲಿಗೆ ರಿಲೀಫ್ ವಾಲ್ವಿನ ದಾರಿ ತೆರೆದಿರಲೇಬೇಕು. ಪಂಪಿನ ಬಾಯಿಗೆ ನೇರವಾಗಿ ಗೇಜ್ ಕೂರಿಸಿ ಆಯಿಲಿಗೆ ಬೇರೆ ದಾರಿಯೇ ಇಲ್ಲದಂತೆ ಮಾಡಿದರೆ ಪಂಪೋ ಹೋಸೋ ಒಡೆಯುತ್ತದೆ.

ಪಳಗಿದ ಮೆಕ್ಯಾನಿಕ್ ಸದ್ದು ಕೇಳಿಯೇ ಹೇಳಬಲ್ಲ, ಗೇಜ್ ಏಕೆ ಎನ್ನುವವರಿದ್ದಾರೆ. ಆ ಕಿವಿ ದೊಡ್ಡದು, ನಿಜ. ಪಂಪ್ ಗಾಳಿ ಎಳೆಯುವ ಕೀರಲನ್ನು ಅದು ಗುರುತಿಸುತ್ತದೆ. ಆದರೆ ರಿಲೀಫ್ ವಾಲ್ವ್ 180ಕ್ಕೆ ತೆರೆಯಿತೋ 120ಕ್ಕೋ ಎಂಬುದನ್ನು ಯಾವ ಕಿವಿಯೂ ಹೇಳಲಾರದು. ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಬೇರೆಯಿದೆ: ಪಂಪ್ ಕೊಡುವುದು ಹರಿವನ್ನು, ಒತ್ತಡ ಹುಟ್ಟುವುದು ಆ ಹರಿವಿಗೆ ತಡೆ ಬಂದಾಗ; ಹಾಗಾಗಿ ಬರೀ ಗೇಜಿನಿಂದ ಪಂಪಿನ ಆರೋಗ್ಯ ತಿಳಿಯದು, ಫ್ಲೋ ಮೀಟರ್ ಬೇಕು ಎನ್ನುವುದು. ಮಾತು ಸರಿ. ಸವೆದ ಪಂಪ್ ಕೂಡ ಆಯಿಲ್ ತಣ್ಣಗಿರುವಾಗ, ಎಂಜಿನ್ ಜೋರಾಗಿರುವಾಗ ಮುಳ್ಳನ್ನು ಪೂರ್ತಿ ಎತ್ತಬಲ್ಲದು. ಹಾಗೆಂದೇ ಓದುವ ಬಗೆ ಮುಖ್ಯ. ಬೆಳಿಗ್ಗೆ ತಣ್ಣಗಿದ್ದಾಗ ಒಮ್ಮೆ, ಒಂದು ಗಂಟೆ ಉಳುಮೆ ಮಾಡಿ ಆಯಿಲ್ ಕಾದ ಮೇಲೆ ಒಮ್ಮೆ, ಎಂಜಿನ್ ನಿಧಾನವಿದ್ದಾಗ ಮತ್ತೆ ಒಮ್ಮೆ ಓದಬೇಕು. ಪ್ರತಿ ಸಲವೂ ಕೆಲವೇ ಸೆಕೆಂಡು, ಇಲ್ಲವಾದರೆ ರಿಲೀಫ್ ವಾಲ್ವಿನಲ್ಲಿ ಆಯಿಲ್ ಕುದಿಯುವಷ್ಟು ಬಿಸಿಯಾದೀತು. ಕಾದ ಮೇಲೆ ಮುಳ್ಳು ಬಹಳ ಇಳಿದರೆ ಒಳಗೆಲ್ಲೋ ಸವೆತದಿಂದ ಆಯಿಲ್ ಜಾರುತ್ತಿದೆ. ಮುಳ್ಳು ನಡುಗುತ್ತ ಆಯಿಲಿನಲ್ಲಿ ನೊರೆ ಬಂದರೆ ಹೀರುವ ಕಡೆಯ ಜಾಯಿಂಟು ಅಥವಾ ಸ್ಟ್ರೇನರ್ ನೋಡಬೇಕು. ಲಿಫ್ಟನ್ನು ಬೇರ್ಪಡಿಸುವ ನಾಬ್ ಇರುವ ಟ್ರ್ಯಾಕ್ಟರಿನಲ್ಲಂತೂ ಉತ್ತರ ಇನ್ನೂ ಸ್ಪಷ್ಟ: ಬೇರ್ಪಡಿಸಿದಾಗ ಪೂರ್ತಿ ಒತ್ತಡ, ಸೇರಿಸಿದಾಗ ಕುಸಿತ ಎಂದಾದರೆ ಪಂಪನ್ನು ಮುಟ್ಟಬೇಕಿಲ್ಲ, ತಪ್ಪು ಲಿಫ್ಟಿನ ಕಡೆಯದು, ಆಗ ಕವರ್ ಬಿಚ್ಚುವುದು ನ್ಯಾಯ. ಅಗ್ಗದ ಗೇಜಿನ ನಿಖರತೆಯ ಬಗ್ಗೆ ಹೇಳುವುದಾದರೆ, ಶೇ 1.6ರ ದರ್ಜೆಯ 400 ಬಾರ್ ಗೇಜಿನಲ್ಲಿ ಆರೂವರೆ ಬಾರಿನಷ್ಟು ವ್ಯತ್ಯಾಸ ಇರಬಹುದು. 180 ಇರಬೇಕಾದದ್ದು 120 ಆಗಿದೆಯೇ ಎಂದು ತಿಳಿಯಲು ಇಷ್ಟು ಸಾಕು.

ಎಲ್ಲಕ್ಕಿಂತ ಕಾಡುವುದು ದುರ್ಬಳಕೆಯ ಭಯ. ಗೇಜ್ ಕೈಗೆ ಬಂದ ಕೂಡಲೇ ರಿಲೀಫ್ ವಾಲ್ವಿಗೆ ಒಂದು ವಾಷರ್ ಹೆಚ್ಚಿಗೆ ಹಾಕಿ ಒತ್ತಡ ಏರಿಸುವ ಆಸೆ ಹುಟ್ಟುತ್ತದೆ. ಹಾಗೆ ಮಾಡಿದ ಟ್ರ್ಯಾಕ್ಟರ್ ಎರಡು ದಿನ ಚೆನ್ನಾಗಿ ಎತ್ತೀತು. ಆಮೇಲೆ ಪಂಪು, ಸೀಲು, ಕೆಲವೊಮ್ಮೆ ಸಿಲಿಂಡರೇ ಬೆಲೆ ತೆರುತ್ತವೆ. ಆದರೆ ಗೇಜಿಲ್ಲದ ಗ್ಯಾರೇಜಿನಲ್ಲೂ ಈ ವಾಷರ್ ಬೀಳುತ್ತಲೇ ಇದೆ, ಅಲ್ಲಿ ಅದು ಕುರುಡಾಗಿ ಬೀಳುತ್ತದೆ. ಕಂಪನಿಯ ಕೈಪಿಡಿ ಹೇಳಿದ ಅಂಕಿಯನ್ನು ಗೇಜಿನ ಮುಖದ ಮೇಲೆ ಕೆಂಪು ಗೆರೆಯಾಗಿ ಎಳೆದಿಟ್ಟರೆ ಯಾರಾದರೂ ಏರಿಸಿದ್ದು ರೈತನ ಕಣ್ಣಿಗೂ ಬೀಳುತ್ತದೆ. ಹಳೇ ಟ್ರ್ಯಾಕ್ಟರ್ ಕೊಳ್ಳುವವರಿಗಂತೂ ಇದರ ಉಪಯೋಗ ಇನ್ನೂ ಹೆಚ್ಚು: ಮಾರುವವರು ಆಯಿಲ್ ತಣ್ಣಗಿರುವಾಗ ಲಿಫ್ಟ್ ಎತ್ತಿ ತೋರಿಸಿದರೆ ಒಪ್ಪದೆ, ಒಂದು ಗಂಟೆ ಓಡಿಸಿದ ಮೇಲೆ ಗೇಜ್ ಸಿಕ್ಕಿಸಿ, ಮುಳ್ಳು ಗೆರೆ ಮುಟ್ಟಿತೇ ಎಂದು ನೋಡಿಯೇ ಬೆಲೆ ಮಾತಾಡಬಹುದು.